ಗಾಯಕರ ಹಲ್ಲಿನ ಸೆಟ್ಟು

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ದಂತವೈದ್ಯರು ಅಳತೆ ತೆಗೆದು ಕಳಿಸಿದರೆ ಕಟ್ಟುಹಲ್ಲು ಮಾಡಿಕೊಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಕಂಡವರ ಬಾಯಿಯ ಜೊತೆ ಏಗಿದವಳಿಗೆ ಹೇಸಿಗೆ ಎಂಬುದು ಅಷ್ಟು ಸುಲಭಕ್ಕೆ ಹತ್ತಿರ ಸುಳಿಯುತ್ತಿರಲಿಲ್ಲ. ಆ ಶನಿವಾರ ಮಾತ್ರ ಅದು ಬಂದು ಮೈಮೇಲೇ ಕೂತಿತು.

ಮಧ್ಯಾಹ್ನ ಒಂದು ಗಂಟೆಗೆ ಹೆಸರಾಂತ ಗಾಯಕರೊಬ್ಬರು ಖುದ್ದಾಗಿ ಅವಳ ಕೆಲಸದ ಕೋಣೆಗೆ ಬಂದರು. ಸಂಜೆ ಆರಕ್ಕೆ ಕಾರ್ಯಕ್ರಮ. ಊಟದ ನಡುವೆ ಮೇಲಿನ ಸೆಟ್ಟು ಎರಡು ತುಂಡಾಗಿತ್ತಂತೆ. ದಂತವೈದ್ಯರು ನೇರ ಇತ್ತ ಅಟ್ಟಿದ್ದರು. ಬಾಗಿಲಲ್ಲಿ ಅವರನ್ನು ಕಂಡದ್ದೇ ತಡ, ಹಲ್ಲಕ್ಕ ಕೂತಲ್ಲಿಂದ ಎದ್ದು ಕೈಮುಗಿದಳು. ಅವಳ ಮನೆಯಲ್ಲಿ ಈ ಮನುಷ್ಯ ದೇವರಿಗಿಂತ ಒಂದು ಗೇಣು ಮೇಲೆ.

ಅದಕ್ಕೆ ಕಾರಣ ಅಣ್ಣ. ಅವನು ಲಾರಿ ಓಡಿಸುತ್ತಿದ್ದವನು. ಬಾಯಿ ಅಂದರೆ ಬಾಯಿ. ಬೀದಿಯ ಆ ತುದಿಯಲ್ಲಿ ಮಾತಾಡಿದರೆ ಈ ತುದಿಯಲ್ಲಿ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈಯ ಜೊತೆ ಮಾತೂ ಹೋಯಿತು. ಆರು ತಿಂಗಳು ಗೋಡೆ ನೋಡುತ್ತ ಮಲಗಿದ್ದವನು ಒಂದು ಬೆಳಿಗ್ಗೆ ರೇಡಿಯೋದಲ್ಲಿ ಇದೇ ಗಾಯಕರ ‘ಸರಿದ ಹೊತ್ತೇ, ಸುಮ್ಮನೆ ಬಾ ಸನಿಹಕೆ’ ಬರುತ್ತಿದ್ದಾಗ ಜೊತೆಗೆ ಹಾಡಿಯೇಬಿಟ್ಟ. ಮಾತು ಸಿಕ್ಕಿಹಾಕಿಕೊಂಡ ಕಡೆ ಹಾಡು ನುಸುಳಿ ಬರುವುದುಂಟು ಎಂದರು ಡಾಕ್ಟರು. ಅಂದಿನಿಂದ ಆ ಧಾಟಿಯೇ ಅವನ ನಾಲಿಗೆ. ನೀರು ಕೇಳಿದರೂ ಅದೇ ಧಾಟಿ, ತಂಗಿಯನ್ನು ಬೈದರೂ ಅದೇ ಧಾಟಿ. ಅದನ್ನು ಬಿಟ್ಟರೆ ಒಂದು ಪದವೂ ಹೊರಡುತ್ತಿರಲಿಲ್ಲ. ಹಾಡಿದವರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಹಟದ ಮೇಲೇ ಅವನು ದಿನ ದೂಡುತ್ತಿದ್ದ.

ಗಾಯಕರು ಒದ್ದೆ ಕರವಸ್ತ್ರವೊಂದನ್ನು ಅವಳ ಮೇಜಿನ ಮೇಲೆ ಬಿಸಾಕಿದರು. ಬಿಚ್ಚಿದರೆ ಗಪ್ಪನೆ ನಾತ. ಸೆಟ್ಟಿನ ಸಂದಿಸಂದಿಯಲ್ಲೂ ಕೊಳೆತ ಆಹಾರ, ಹಸಿರುಗಟ್ಟಿದ ಪಾಚಿ. ತಿಂಗಳುಗಟ್ಟಲೆ ನೀರು ಕಾಣದ ಹಲ್ಲು ಅದು. ಅವಳು ಉಸಿರು ಬಿಗಿಹಿಡಿದು ಬ್ರಷ್‌ನಿಂದ ತಿಕ್ಕಿದಳು. ವಯಸ್ಸಾದವರು, ಊರೂರು ಸುತ್ತುವವರು, ಪಾಪ ಎಲ್ಲಿ ಪುರುಸೊತ್ತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ತುಂಡುಗಳನ್ನು ಕೂಡಿಸಿ, ಗುಲಾಬಿ ಆಕ್ರಿಲಿಕ್ ತುಂಬಿ, ಅದು ಗಟ್ಟಿಯಾಗುವ ತನಕ ಕಾಯುವಾಗ ಅವಳು ಅಣ್ಣನ ಕತೆಯನ್ನೆಲ್ಲ ಹೇಳಿದಳು. ಹೇಳುವಷ್ಟರಲ್ಲಿ ಕಣ್ಣು ತುಂಬಿತು. ಗಾಯಕರು ಹೆಬ್ಬೆರಳಿನಿಂದ ಬರಿ ಒಸಡನ್ನು ಉಜ್ಜಿಕೊಳ್ಳುತ್ತ, ಆ ಬೆರಳನ್ನು ಅವಳ ಏಪ್ರನ್ನಿಗೆ ಒರೆಸಿದರು.

“ಜೊಲ್ಲು ಸುರಿಸ್ತಾನಾ?”

“ಯಾರು ಸಾರ್?”

“ನಿಮ್ಮಣ್ಣ. ಅಂಥವ್ರು ಹತ್ರ ಬಂದ್ರೆ ನಂಗೆ ಆಗಲ್ಲ.” ಹಾಗೆನ್ನುವಾಗ ಅವರದೇ ಜೊಲ್ಲು ಗದ್ದದಿಂದ ಶರ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. “ಫೋಟೋ ಗೀಟೋ ಏನೂ ಬೇಡ. ಮುಂದಿನ ಸಾಲಿನ ಪಾಸ್ ಎರಡು ಕೊಡ್ತೀನಿ, ದೂರದಿಂದ ನೋಡ್ಕೊಂಡು ಹೋಗ್ಲಿ.”

ಅವಳು ಸೆಟ್ಟನ್ನು ಉಜ್ಜಿ ನುಣುಪು ಮಾಡಿದಳು. ಸೆಟ್ಟು ಕೊಡುವಾಗ ಕೆಲಸದ ಮಾತು ಹೇಳಲೇಬೇಕಿತ್ತು. “ಹಿಂದುಗಡೆ ಸ್ವಲ್ಪ ದಪ್ಪ ಆಗಿದೆ ಸಾರ್. ಎರಡು ದಿನ ‘ಸ’ ಅಂದಾಗೆಲ್ಲ ಸೀಟಿ ಹೊಡೆಯುತ್ತೆ. ಹಾಡೋವಾಗ...”

“ಹಾಡಿನ ಚಿಂತೆ ನಿಂಗ್ಯಾಕಮ್ಮ,” ಎಂದು ಅವರು ನಕ್ಕು ಎದ್ದರು.

ಸಂಜೆ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎಡಗೈಯಲ್ಲಿ ತಂಗಿಯ ಭುಜ ಹಿಡಿದು, ಸಭಾಂಗಣದ ಮೊದಲ ಸಾಲಿನಲ್ಲಿ ಮದುಮಗನಂತೆ ಕೂತ. ಪರದೆ ಸರಿಯಿತು. “ಸ್ನೇಹಿತರೇ, ಸಂಜೆಯ ನಮಸ್ಕಾರ!” ಎಂದರು ಗಾಯಕರು. ಒಂದೊಂದು ‘ಸ’ಕ್ಕೂ ಪುಟ್ಟ ಸೀಟಿ. ಹಲ್ಲಕ್ಕನಿಗೆ ಭೂಮಿ ಬಾಯಿಬಿಡಬಾರದೆ ಎನಿಸಿತು. ತನ್ನ ಕೈಕೆಲಸದಿಂದ ದೊಡ್ಡವರ ಮರ್ಯಾದೆ ಹೋಗುತ್ತಿದೆಯಲ್ಲ!

ಮೊದಲ ಹಾಡು ಶುರುವಾಯಿತು. ಅವಳು ಕಿವಿ ನೆಟ್ಟು ಕೂತಳು. ಸಾಲಿಗೆರಡು ‘ಸ’, ಆದರೂ ಒಂದು ಸೀಟಿಯೂ ಇಲ್ಲ. ಸದ್ಯ, ಹೊಂದಿಕೊಂಡಿತು ಎಂದು ನಿಟ್ಟುಸಿರು ಬಿಟ್ಟಳು. ಹಾಡು ಮುಗಿಸಿ ಗಾಯಕರು “ಸಂತೋಷ, ಬಹಳ ಸಂತೋಷ” ಎಂದರು. ಮತ್ತೆ ಸೀಟಿ.

ಆಗ ಅವಳಿಗೆ ಹೊಳೆಯಿತು. ಬಾಯಲ್ಲಿ ಸೆಟ್ಟು ಇರುವ ತನಕ ಮಾತಿಗೊಂದು ನಾಲಿಗೆ, ಹಾಡಿಗೊಂದು ನಾಲಿಗೆ ಇರಲು ಸಾಧ್ಯವೇ ಇಲ್ಲ. ಈ ಮನುಷ್ಯ ಹಾಡುತ್ತಿಲ್ಲ. ಎಂದೋ ಹಾಡಿಟ್ಟದ್ದನ್ನು ಹಾಕಿಸಿ ಬರಿದೇ ತುಟಿ ಆಡಿಸುತ್ತಿದ್ದಾನೆ. ತಾನು ತೊಳೆದ ಹಲ್ಲು ಅಲ್ಲಿ ಫಳಫಳ ಹೊಳೆಯುತ್ತಿತ್ತು. ಮಧ್ಯಾಹ್ನದ ನಾತ ಮೂಗಿಗೆ ಮರಳಿ ಬಂತು.

ಆಮೇಲೆ ಬಂದದ್ದು ಅಣ್ಣನ ಹಾಡು. ಅಣ್ಣ ತಡೆದುಕೊಂಡಾನೇ? ಕಣ್ಣು ಮುಚ್ಚಿ, ಸೊಟ್ಟ ಬಾಯಲ್ಲೇ ಗಟ್ಟಿಯಾಗಿ ಹಾಡತೊಡಗಿದ. ಲಾರಿಯವನ ಗಂಟಲು, ಶ್ರುತಿ ಅತ್ತಿತ್ತ ಜಾರುತ್ತಿತ್ತು. ವೇದಿಕೆಯ ಮೇಲೆ ಗಾಯಕರ ಮುಖ ಗಂಟಿಕ್ಕಿತು. ಹಾಡು ತನ್ನ ಪಾಡಿಗೆ ಹರಿಯುತ್ತಲೇ ಇರುವಾಗ ಅವರು ಅಣ್ಣನ ಕಡೆ ಬೆರಳು ತೋರಿಸಿ, ಹೊರಗೆ ಹಾಕು ಎಂಬಂತೆ ಕೈ ಬೀಸಿದರು. ಕಾವಲಿನವನು ಬಗ್ಗಿ ಬಂದ.

“ಸುಮ್ನಿರ್ಸಮ್ಮ ಇವ್ರನ್ನ. ಅವ್ರಿಗೆ ಹಾಡೋಕೆ ತೊಂದ್ರೆ ಆಗ್ತಿದೆಯಂತೆ.”

ಅಣ್ಣ ಎಡಗೈಯಿಂದ ಬಾಯಿ ಮುಚ್ಚಿಕೊಂಡ. ಅವಳು ಅವನ ತೋಳು ಹಿಡಿದೆಬ್ಬಿಸಿ ಹೊರಗೆ ಕರೆತಂದಳು.

ಮೆಟ್ಟಿಲ ಮೇಲೆ ಅಣ್ಣ ನಿಂತ. ಕಣ್ಣಲ್ಲಿ ನೀರು. ಅದೇ ಧಾಟಿಯಲ್ಲಿ, ಅಪರಾಧಿಯಂತೆ ಕೇಳಿದ: “ನನ್ನಿಂದ... ತಪ್ಪಾಯ್ತಾ?”

ನಿಜ ಹೇಳಿದರೆ ಆ ಧಾಟಿಯೇ ಅವನಿಗೆ ಕಹಿಯಾಗಬಹುದು; ಇದ್ದೊಂದು ಮಾತೂ ಹೋಗಬಹುದು. ಹೇಳದಿದ್ದರೆ ಆ ಕೊಳಕು ಬಾಯಿಯ ಮುಂದೆ ತಾನೇ ತಪ್ಪಿತಸ್ಥ ಎಂದು ಇವನು ಸಾಯುವ ತನಕ ಕೊರಗುತ್ತಾನೆ. ಅದನ್ನು ಅವಳು ಸಹಿಸಲಾರಳು.

“ಆತ ಹಾಡ್ಲೇ ಇಲ್ಲ ಅಣ್ಣ. ಹಳೇದನ್ನ ಹಾಕಿ ಬಾಯಿ ಆಡಿಸ್ತಿದ್ದ, ಅಷ್ಟೆ. ನಾನು ರಿಪೇರಿ ಮಾಡಿದ ಹಲ್ಲು ಅದು, ನಂಗೊತ್ತಾಗಲ್ವಾ? ಅಲ್ಲಿ ಹಾಡಿದ್ದು ನೀನೊಬ್ನೇ.”

ಅಣ್ಣ ಅವಳನ್ನೇ ದಿಟ್ಟಿಸಿದ. ಏನೋ ಹೇಳಲು ಧಾಟಿ ಎತ್ತಿದ. ಎರಡು ಸ್ವರಕ್ಕೇ ನಿಲ್ಲಿಸಿದ. ಒಳಗೆ ಚಪ್ಪಾಳೆ ಮೊಳಗಿತು. ಅಣ್ಣ ಪಕ್ಕಕ್ಕೆ ಬಾಗಿ ಕ್ಯಾಕರಿಸಿ ಉಗಿದ. ದವಡೆ ಒದ್ದಾಡಿತು, ಕತ್ತಿನ ನರ ಉಬ್ಬಿತು.

“ಮನೆಗೆ,” ಎಂದ. “ಹೋಗಣ.”

ಧಾಟಿ ಇರಲಿಲ್ಲ. ಒರಟು ದನಿ, ಅಣ್ಣನ ಹಳೆಯ ದನಿ. ಆ ದನಿಯನ್ನು ಇನ್ನೊಮ್ಮೆ ಕೇಳಲು ಅವಳು ಎರಡು ವರ್ಷ ಹಂಬಲಿಸಿದ್ದಳು. ಈಗ ಕೇಳಿದಾಗ ಖುಷಿ ಬರಲಿಲ್ಲ, ಹೇಸಿಗೆಯೇ ಬಂತು: ಆ ದನಿಯನ್ನು ಹೊರಡಿಸಿದ್ದು ಹಾಡಲ್ಲ, ಆ ಕೊಳಕು ಬಾಯಿ.