ಹಾಲಿಗೆ ಬಂದ ಅಪವಾದ

ಕೆಳಗೆ ಗಡಿಯಾರ ರಿಪೇರಿ ಅಂಗಡಿ, ಮೇಲೆ ಮನೆ. ತುಂಬು ಬಸುರಿಯಾಗಿದ್ದಾಗಲೂ ಸೊಸೆ ಅಂಗಡಿಯಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದಳು. "ಇವಳ ಕೈಗೆ ಬಂದ್ರೆ ಸತ್ತ ಗಡಿಯಾರವೂ ಎದ್ದು ಕೂರುತ್ತೆ" ಎಂದು ಅತ್ತೆಯೇ ಗಿರಾಕಿಗಳ ಮುಂದೆ ಹೊಗಳುತ್ತಿದ್ದರು.

ಹೆಣ್ಣುಮಗು ಹುಟ್ಟಿತು. ಅದೇ ಅತ್ತೆ ಮಗುವನ್ನು ತಾಯಿಯ ಮಡಿಲಿನಿಂದ ಎತ್ತಿಕೊಂಡು ಅದರ ಬಾಯಿಗೆ ಬಾಟಲಿ ಇಟ್ಟರು.

"ನಿಮ್ಮಮ್ಮ ಎದೆ ಕ್ಯಾನ್ಸರಲ್ಲೇ ಹೋದ್ರಲ್ವಾ? ಅಂಥವರ ಮಗಳ ಹಾಲು ಕೆಟ್ಟ ಹಾಲು. ಹಿರಿಯರು ಸುಮ್ನೆ ಹೇಳ್ತಿದ್ರಾ? ಈಗ ವಿಜ್ಞಾನಿಗಳೂ ಹಾಲಲ್ಲಿ ವೈರಸ್ ಇರುತ್ತೆ ಅಂತಿದಾರಂತೆ."

ಗಂಡ "ಅಮ್ಮ ಹಟ ಹಿಡಿದ್ರೆ ಗೊತ್ತಲ್ಲ" ಎಂದು ಅಂಗಡಿಗೆ ಇಳಿದುಹೋದ.

ಅತ್ತೆ ಕೆಡುಕಿಯಲ್ಲ. ಮೊಮ್ಮಗಳ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡಿದರು. ಕುರುಡು ನಂಬಿಕೆಗೆ ಅಕ್ಕರೆಯಂಥ ಊರುಗೋಲು ಇನ್ನೊಂದಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಅತ್ತಾಗಲೆಲ್ಲ ಸೊಸೆಯ ಎದೆ ಹಾಲು ತುಂಬಿ ಕಲ್ಲಾಗುತ್ತಿತ್ತು. ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲುತ್ತಿದ್ದಳು. ಬಾಟಲಿ ಹಾಲು ಮಗುವಿಗೆ ಒಗ್ಗಲಿಲ್ಲ. ಭೇದಿ ಹತ್ತಿತು, ಕಣ್ಣು ಗುಳಿಬಿದ್ದವು. ಆಸ್ಪತ್ರೆಗೆ ಸೇರಿಸಬೇಕಾಯಿತು.

ಎದೆಗಡ್ಡೆಗಳ ಸಂಶೋಧನೆ ಮಾಡುವ ನಾದಿನಿ ಪ್ರಯೋಗಾಲಯದಿಂದ ನೇರ ಆಸ್ಪತ್ರೆಗೆ ಓಡಿಬಂದಳು.

"ಅಮ್ಮ, ನೀನು ಕೇಳಿದ್ದು ಇಲಿಗಳ ಸಂಗತಿ. ಅವುಗಳಲ್ಲಿ ಹಾಲಿನಿಂದ ಮರಿಗೆ ಒಂದು ವೈರಸ್ ದಾಟುತ್ತೆ, ಗಡ್ಡೆ ಆಗುತ್ತೆ, ನಿಜ. ಮನುಷ್ಯರಲ್ಲಿ ವೈರಸ್ಸಿನ ಪಾತ್ರ ಇದೆಯಾ ಅಂತ ಇನ್ನೂ ಹುಡುಕ್ತಿದೀವಿ. ಕೆಲವರಿಗೆ ಕುರುಹು ಸಿಕ್ಕಿದೆ, ಕೆಲವರಿಗೆ ಇಲ್ಲ. ಮೈ ಕಾಯೋ ಬಿಳಿ ರಕ್ತಕಣಗಳೇ ಕೆಲವು ಸಲ ಮೋಸಹೋಗಿ ಗಡ್ಡೆಗೇ ಕಾವಲು ನಿಲ್ಲುತ್ವೆ. ಆ ಒಗಟನ್ನೂ ಇನ್ನೂ ಪೂರ್ತಿ ಬಿಡಿಸಿಲ್ಲ. ಆದ್ರೆ ತಾಯಿ ಹಾಲು ಕುಡಿದು ಮಗುವಿಗೆ ಈ ಕಾಯಿಲೆ ಬಂತು ಅಂತ ಯಾರೂ ತೋರಿಸಿಲ್ಲ. ಭೇದಿ ತಡೆಯೋ ಶಕ್ತಿ ಇರೋದೇ ಆ ಹಾಲಲ್ಲಿ!"

"ಇನ್ನೂ ಹುಡುಕ್ತಿದೀವಿ ಅಂತೀಯಲ್ಲ, ನಾಳೆ ಸಿಕ್ಕಿಬಿಟ್ರೆ?" ಅತ್ತೆ ಜಗ್ಗಲಿಲ್ಲ.

ಸುಳ್ಳು ಭರವಸೆ ಕೊಡುವುದು ನಾದಿನಿಗೆ ಗೊತ್ತಿರಲಿಲ್ಲ. ಆಗ ಸೊಸೆ ಎದ್ದಳು.

"ನಾಳಿನ ಮಾತು ನಾಳೆಗಿರಲಿ ಅತ್ತೆ. ಇವತ್ತು ನನ್ನ ಮಗು ಬಾಡ್ತಿರೋದು ನಮ್ಮ ಭಯದಿಂದ. ನಮ್ಮಮ್ಮ ಎದೇಲಿ ಗಂಟು ಸಿಕ್ಕಾಗ ಜನ ಏನಂತಾರೋ ಅಂತ ಮುಚ್ಚಿಟ್ಟರು. ನಾನು ಮುಚ್ಚಿಡಲ್ಲ, ಡಾಕ್ಟರಿಗೆ ತಪ್ಪದೆ ತೋರಿಸ್ಕೋತೀನಿ. ಆದ್ರೆ ಇನ್ನು ಒಂದು ಹನಿಯನ್ನೂ ಬಚ್ಚಲಿಗೆ ಚೆಲ್ಲಲ್ಲ."

ಮಂಚದಿಂದ ಮಗುವನ್ನು ತಾನೇ ಎತ್ತಿಕೊಂಡಳು. ಬಾಗಿಲತ್ತ ಸರಿಯುತ್ತಿದ್ದ ಗಂಡನಿಗೆ, "ನೀವು ಇಲ್ಲೇ ನಿಲ್ಲಿ" ಎಂದಳು. ಅವನು ನಿಂತ.

ಎದೆಗೆ ಹಚ್ಚಿದಾಗ ಮಗು ಮುಖ ತಿರುಗಿಸಿ ಚೀರಿತು. ಅತ್ತೆ "ನೋಡು, ಅದಕ್ಕೇ ಬೇಡ" ಎಂದರು. ಸೊಸೆ ಮತ್ತೆ ಎದೆಗೆ ಹಚ್ಚಿದಳು, ಮತ್ತೆ. ಕೊನೆಗೆ ಪುಟ್ಟ ಬಾಯಿ ಹಿಡಿಯಿತು. ಅದು ಗುಟುಕು ಗುಟುಕಾಗಿ ನುಂಗುವ ಸದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.