ಚೌಡೇಶರ ಎಡಬದಿ

ಚೌಡೇಶರು ರಸ್ತೆಯಲ್ಲಿ ನಡೆಯುವಾಗ ತಮ್ಮ ಎಡಗಡೆಗೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗವನ್ನು ಖಾಲಿ ಬಿಟ್ಟು ನಡೆಯುತ್ತಾರೆ. ದೊಡ್ಡಬಳ್ಳಾಪುರದ ಪೇಟೆಬೀದಿ ಅಂಥ ಔದಾರ್ಯಕ್ಕೆ ಹೇಳಿ ಮಾಡಿಸಿದ್ದಲ್ಲ. ಒಂದು ಮಗ್ಗುಲಿಗೆ ಚರಂಡಿ, ಅದರ ಮೇಲೆ ಮುಂಚಾಚಿಕೊಂಡ ಅಂಗಡಿಗಳು, ಇನ್ನೊಂದು ಮಗ್ಗುಲಿಗೆ ನೂಲಿನ ಮೂಟೆ ಹೇರಿಕೊಂಡು ನುಗ್ಗುವ ಆಟೋಗಳು. ಉಳಿದವರೆಲ್ಲ ಗೋಡೆಗೆ ಅಂಟಿಕೊಂಡು ಸಾಗುವ ಆ ಬೀದಿಯಲ್ಲಿ ಚೌಡೇಶರು ಮಾತ್ರ ಸುರಕ್ಷಿತವಾದ ಒಳಬದಿಯನ್ನು ಯಾರಿಗೋ ಮೀಸಲಿಟ್ಟು, ವಾಹನಗಳ ಉಜ್ಜಾಟವನ್ನೆಲ್ಲ ತಮ್ಮ ಬಲತೋಳಿಗೆ ತೆಗೆದುಕೊಂಡು, ಆತುರವಿಲ್ಲದೆ ನಡೆಯುತ್ತಾರೆ. ಅವರ ಕಂದುಬಣ್ಣದ ಸ್ವೆಟರಿನ ಎಡತೋಳು ಇಂದಿಗೂ ಹೊಸದರಂತಿದೆ; ಬಲತೋಳು ಮೊಣಕೈಯ ಬಳಿ ಜಾಲರಿಯಾಗಿದೆ.

ವಿದ್ಯುತ್ ಮಗ್ಗದ ಕೆಲಸಗಾರರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಲು ಮೂರು ವರ್ಷಗಳ ಹಿಂದೆ ಮೊದಲ ಬಾರಿ ಅವರ ಜೊತೆ ನಡೆದಾಗ, ಆ ಖಾಲಿ ಜಾಗಕ್ಕೆ ನಾನು ಸಹಜವಾಗಿಯೇ ಸೇರಿಕೊಂಡೆ. ಅವರು ನಿಂತರು. ತಮ್ಮ ಬಲಗಡೆಯನ್ನು ತೋರಿಸಿ ಮೃದುವಾಗಿ ಹೇಳಿದರು: “ಈ ಕಡೆ ಬನ್ನಿ ಸಾರ್, ಆ ಕಡೆ ಚರಂಡಿ ವಾಸನೆ.” ಅದು ನಿಜವಾದ ಕಾರಣವಲ್ಲವೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಅವರ ಕಸುಬು ಕಾರ್ಡು ಹೊಡೆಯುವುದು. ಸೀರೆಯ ಅಂಚಿನಲ್ಲಿ, ಸೆರಗಿನಲ್ಲಿ, ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ಮಗ್ಗಕ್ಕೆ ತಿಳಿಸುವ ರಟ್ಟಿನ ಪಟ್ಟಿಗಳಿಗೆ ಅಲ್ಲಿ ಕಾರ್ಡೆಂದೇ ಹೆಸರು. ನಕ್ಷೆ ನೋಡಿ ಅವುಗಳಲ್ಲಿ ತೂತು ಹೊಡೆದು, ಸಾಲಾಗಿ ಪೋಣಿಸಿ ಮಾಲೆ ಮಾಡಿ ಮಗ್ಗದ ಮೇಲೆ ತೂಗುಹಾಕಿದರೆ ಕೆಳಗೆ ಬಟ್ಟೆಯಲ್ಲಿ ನವಿಲು ಮೂಡುತ್ತದೆ. ಕಂಪ್ಯೂಟರು ಬಂದ ಮೇಲೆ ಈ ಕೈಕೆಲಸವನ್ನು ಕೇಳುವವರು ಕಡಿಮೆ. ಆದರೂ ಹಳೆಯ ಶೆಡ್ಡುಗಳ ಇಬ್ಬರು ಮೂವರು ಮಾಲೀಕರು ಚೌಡೇಶರನ್ನು ಬಿಟ್ಟಿರಲಿಲ್ಲ. ಅವರು ಪ್ರತಿ ಕಾರ್ಡಿನ ಮೂಲೆಗೂ ಕೆಂಪು ಪೆನ್ಸಿಲಿನಲ್ಲಿ ಅಂಕಿ ಹಾಕದೆ ಕೈಯಿಂದ ಕೆಳಗಿಡುತ್ತಿರಲಿಲ್ಲ. “ಮಾಲೆ ತಿರುವುಮುರುವು ಹಾಕಿದ್ರೆ ನವಿಲು ತಲೆಕೆಳಗಾಗಿ ನಿಲ್ತದೆ ಸಾರ್. ಯಾವುದು ಮೊದಲು, ಯಾವುದು ಕೊನೆ ಅಂತ ಕಾರ್ಡಿಗೇನ್ ಗೊತ್ತು? ನಾವೇ ಹೇಳ್ಬೇಕು.”

ಅವರ ಮಾತಿನ ರೀತಿ ನನ್ನ ಧ್ವನಿಮುದ್ರಣ ಯಂತ್ರಕ್ಕೆ ಒಗ್ಗಲೇ ಇಲ್ಲ. ಇಪ್ಪತ್ತು ಮಗ್ಗಗಳು ಏಕಕಾಲಕ್ಕೆ ಬಡಿಯುವ ಶೆಡ್ಡಿನಲ್ಲಿ ಕೂಗಿದರೂ ಕೇಳಿಸದು. ಅಲ್ಲಿಯವರು ಒಬ್ಬರ ತುಟಿಯನ್ನು ಇನ್ನೊಬ್ಬರು ಓದುತ್ತಾರೆ. ಮುಖ್ಯವಾದ ಮಾತು ಬಂದಾಗ ಚೌಡೇಶರು ಅಭ್ಯಾಸಬಲದಿಂದ ಧ್ವನಿಯನ್ನು ಪೂರ್ತಿ ಕೈಬಿಟ್ಟು ತುಟಿಯನ್ನಷ್ಟೇ ಆಡಿಸಿಬಿಡುತ್ತಿದ್ದರು. ಮನೆಗೆ ಬಂದು ಧ್ವನಿಮುದ್ರಿಕೆ ಕೇಳಿದರೆ ಮಗ್ಗದ ಕುಸುರಿಯ ಮಾತೆಲ್ಲ ಸ್ಪಷ್ಟ. ನಡುನಡುವೆ ಮಾತ್ರ ನಿಶ್ಶಬ್ದ, ಬೀದಿಯ ಹಾರನ್ನು, ಮತ್ತೆ ನಿಶ್ಶಬ್ದ. ಆ ನಿಶ್ಶಬ್ದಗಳಲ್ಲಿ ಸಿದ್ದರಾಜು ಎಂಬೊಬ್ಬರು ಇದ್ದರೆಂಬುದು ಆಮೇಲೆ ತಿಳಿಯಿತು.

ಅದು ತಿಳಿದದ್ದು ಒಂದು ಪುಸ್ತಕದ ದೆಸೆಯಿಂದ. ಚೌಡೇಶರು ಮದುವೆಯಾದವರಲ್ಲ, ತಮ್ಮನ ಸಂಸಾರದ ಜೊತೆಗಿದ್ದಾರೆ. ತಮ್ಮನ ಮಗಳು ಅಕ್ಷತ ಬೆಂಗಳೂರಿನ ಕಾಲೇಜಿಗೆ ರೈಲಿನಲ್ಲಿ ಹೋಗಿಬರುವಾಗ ಓದಲು ಜಪಾನಿನ ಚಿತ್ರಕಥೆಗಳನ್ನು ತರುತ್ತಿದ್ದಳು. ಮಾಂಗಾ ಎಂದು ಅವುಗಳ ಹೆಸರು. ಬಲದಿಂದ ಎಡಕ್ಕೆ ಸಾಗುವ ಆ ಕಥೆಗಳು ನಮ್ಮ ಪುಸ್ತಕಗಳು ಮುಗಿಯುವ ಕಡೆಯಿಂದ ಆರಂಭವಾಗುತ್ತವೆ. ಅಂಥದ್ದೊಂದು ದಪ್ಪ ಪುಸ್ತಕವನ್ನು ಚೌಡೇಶರು ಒಂದು ಭಾನುವಾರ ಕೈಗೆತ್ತಿಕೊಂಡವರು ಕೆಳಗಿಡಲಿಲ್ಲ. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೆ; ಎಲ್ಲಿಂದ ತೆರೆಯಬೇಕೆಂದು ಅಕ್ಷತ ತೋರಿಸಿಕೊಟ್ಟ ಮೇಲೆ ಚಿತ್ರಗಳೇ ಸಾಕಾಗಿದ್ದವು. ಅಪರಿಚಿತರಾದ ಇಬ್ಬರು ಯುವಕರು ರೈಲು ನಿಲ್ದಾಣದ ಬೆಂಚೊಂದರ ಎರಡು ತುದಿಗಳಲ್ಲಿ ಕುಳಿತಿದ್ದಾರೆ. ಒಬ್ಬ ಬೇಕರಿಯ ಕೆಲಸಗಾರ, ಇನ್ನೊಬ್ಬ ಸಂಗೀತದ ಮೇಷ್ಟ್ರು. ಪುಟ ಪುಟಕ್ಕೂ ಬೆಂಚಿನ ನಡುವಣ ಜಾಗ ಕಿರಿದಾಗುತ್ತದೆ. ಒಂದು ಕೈ ಇನ್ನೊಂದರ ಬೆರಳನ್ನು ಮುಟ್ಟಲು ನಾಲ್ಕು ಪುಟ ತೆಗೆದುಕೊಳ್ಳುತ್ತದೆ. ಕೊನೆಗೆ ಒಂದು ಸಣ್ಣ ಮನೆ, ಕಿಟಕಿಯಲ್ಲಿ ಒಣಹಾಕಿದ ಎರಡು ಅಂಗಿಗಳು.

“ಈ ವಯಸ್ಸಲ್ಲಿ ಬೊಂಬೆ ಪುಸ್ತಕ, ಅದೂ ಹಿಂದ್ಗಡೆಯಿಂದ!” ಎಂದು ತಮ್ಮನ ಹೆಂಡತಿ ಮುನಿರತ್ನಮ್ಮ ನಕ್ಕರು.

ಅರ್ಧದಲ್ಲಿ ತಲೆಯೆತ್ತಿದ ಚೌಡೇಶರು ಅಕ್ಷತಳನ್ನು ಕೇಳಿದರಂತೆ: “ಕೊನೇಲಿ ಏನಾಗ್ತದಮ್ಮ?”

“ಏನೂ ಆಗಲ್ಲ ದೊಡ್ಡಪ್ಪ. ಇಬ್ರೂ ಒಟ್ಟಿಗೆ ಇರ್ತಾರೆ, ಅಷ್ಟೇ.”

“ಅಷ್ಟೇನಾ,” ಎಂದರಂತೆ ಅವರು. ಹುಡುಗಿ ಅವರ ಮುಖ ನೋಡಿ, “ನೀವೇ ಇಟ್ಕೊಳ್ಳಿ ದೊಡ್ಡಪ್ಪ,” ಎಂದು ಹೇಳಿ, ಮುಂದೆ ಆ ವಿಷಯ ಎತ್ತಲೇ ಇಲ್ಲ.

ನೆಲಮಂಗಲದ ದಾರಿಯಲ್ಲಿ ಸಿಗುವ ಮಧುರೆ ಎಂಬ ಊರಿನ ಒಕ್ಕಲು ಮನೆತನದ ಸಿದ್ದರಾಜು ಇಪ್ಪತ್ತೆರಡರ ಪ್ರಾಯದಲ್ಲಿ ಶೆಡ್ಡಿಗೆ ಕೆಲಸಕ್ಕೆ ಬಂದವರು. ಪೇಟೆಯ ಲಾರಿಗಳಿಗೆ ಅವರು ಬೆಚ್ಚುತ್ತಿದ್ದುದರಿಂದ ಸಮವಯಸ್ಕರಾದ ಚೌಡೇಶರು ಅವರನ್ನು ಒಳಬದಿಗೆ ಮಾಡಿಕೊಂಡು ನಡೆಯತೊಡಗಿದರು. ಶೆಡ್ಡಿನ ಹಿಂದಿನ ಒಂದೇ ಕೋಣೆಯಲ್ಲಿ ನಾಲ್ಕು ವರ್ಷ ಇದ್ದರು. ಹಗಲೆಲ್ಲ, ಹತ್ತಾರು ಜನರ ಎದುರಿಗೇ, ಮಗ್ಗಗಳ ಅಬ್ಬರದ ನಡುವೆ, ಶೆಡ್ಡಿನ ಆ ತುದಿಯಿಂದ ಈ ತುದಿಗೆ ತುಟಿಯಲ್ಲೇ ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದಿರಿ ಎಂದು ನಾನು ಕೇಳಿದಾಗ ಚೌಡೇಶರು ಕೊಟ್ಟ ಉತ್ತರ ಚಿಕ್ಕದು: “ಊಟ ಆಯ್ತಾ ಅಂತ. ಆದ್ರೆ ಅದನ್ನ ಅವನು ಕೇಳೋ ಥರ ಬೇರೆ ಇತ್ತು ಸಾರ್.” ಆಮೇಲೆ ಸಿದ್ದರಾಜುವಿಗೆ ಮದುವೆಯಾಯಿತು. ಅವರು ನೆಲಮಂಗಲದ ಬಳಿ ಹೆದ್ದಾರಿ ಪಕ್ಕದ ಅರಿಶಿನಕುಂಟೆಗೆ ಹೋಗಿ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದರು. ಒಂದು ಬಸ್ಸಿನ ದಾರಿ. ಮೂವತ್ತೆರಡು ವರ್ಷ ಇಬ್ಬರೂ ಆ ಬಸ್ಸನ್ನು ಹತ್ತಲಿಲ್ಲ. ತಮ್ಮ ನಡುವೆ ಇದ್ದದ್ದಕ್ಕೆ ಒಂದು ಹೆಸರುಂಟೆಂದು, ಬೇರೊಂದು ದೇಶದಲ್ಲಿ ಯಾರೋ ಅದನ್ನು ಕೂತು ಬಿಡಿಸಿದ್ದಾರೆಂದು ಚೌಡೇಶರಿಗೆ ತಿಳಿದದ್ದು ಆ ಭಾನುವಾರವೇ. ಸಿದ್ದರಾಜುವಿಗೂ ಹಾಗೆಯೇ ಅನಿಸಿತ್ತೇ? ಅದೊಂದನ್ನು ತಿಳಿಯದೆ ಸಾಯಲು ಅವರಿಗೆ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಮಧುರೆಯ ಕಡೆಯವರೊಬ್ಬರು ಸುದ್ದಿ ಹೇಳಿದರು: ಸಕ್ಕರೆ ಕಾಯಿಲೆಯಿಂದ ಸಿದ್ದರಾಜುವಿನ ಕಣ್ಣು ಹೋಗುತ್ತಿದೆ, ದೃಷ್ಟಿ ಹೆಚ್ಚು ದಿನ ಉಳಿಯುವುದಿಲ್ಲವಂತೆ. ಪುಸ್ತಕ ಇದ್ದದ್ದು ಚಿತ್ರಗಳಲ್ಲಿ, ಕಣ್ಣಿದ್ದಾಗಲೇ ನೋಡಬೇಕಾದದ್ದು. ಮರುದಿನವೇ ಚೌಡೇಶರು ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಬಸ್ಸು ಹತ್ತಿದರು.

ಅರಿಶಿನಕುಂಟೆಯ ಮನೆಯಲ್ಲಿ ಸೊಸೆ ದಿವ್ಯ ಇಬ್ಬರಿಗೂ ಕಾಫಿ ಕೊಟ್ಟು ಅಲ್ಲೇ ಬಟಾಣಿ ಬಿಡಿಸುತ್ತ ಕೂತಳು. ಸಿದ್ದರಾಜು ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು, ಕಣ್ಣಿಗೆ ತೀರ ಹತ್ತಿರ ತಂದು, ಒಂದೊಂದು ಪುಟಕ್ಕೂ ಹೊತ್ತು ತೆಗೆದುಕೊಂಡು ನೋಡಿದರು. ಚೌಡೇಶರು ನೋಡುತ್ತಿದ್ದದ್ದು ಪುಸ್ತಕವನ್ನಲ್ಲ, ಆ ಮುಖವನ್ನು. ಕೊನೆಗೆ ಸಿದ್ದರಾಜು ತಲೆಯೆತ್ತಿ, ಶೆಡ್ಡಿನಲ್ಲಿದ್ದಂತೆಯೇ, ಧ್ವನಿಯಿಲ್ಲದೆ ತುಟಿಯಾಡಿಸಿದರು: “ನಮ್ದನ್ನೇ ಬರ್ದವ್ರಲ್ಲೋ. ಮೊದ್ಲು ಒಂದೇ ಮನೇಲವ್ರೆ. ಕೊನೇಗೆ ಯಾರೋ ಯಾರೋ ಆಗೋಗ್ತಾರೆ.”

ಅದು ತಮ್ಮಿಬ್ಬರ ಬದುಕಿನ ಮಾತೆಂದೇ ತಿಳಿದು ಚೌಡೇಶರು ತಲೆದೂಗಿದರು. ಹಿಂದಿರುಗುವ ಬಸ್ಸಿನಲ್ಲಿ, ಮಧುರೆ ದಾಟುವಾಗ, ಪುಸ್ತಕ ತೆರೆದಾಗ ಅವರಿಗೆ ಹೊಳೆಯಿತು. ಸಿದ್ದರಾಜು ಅದನ್ನು ನಮ್ಮ ಪುಸ್ತಕಗಳ ಹಾಗೆ ಎಡಗಡೆಯಿಂದ ತೆರೆದಿದ್ದರು. ಅವರು ಮೊದಲು ಕಂಡದ್ದು ಎರಡು ಅಂಗಿಗಳ ಮನೆ. ಕೊನೆಗೆ ಕಂಡದ್ದು ಬೆಂಚಿನ ಎರಡು ತುದಿ. ಜೀವಮಾನವೆಲ್ಲ ಕಾರ್ಡಿಗೆ ಅಂಕಿ ಹಾಕಿದ ಮನುಷ್ಯ ಆ ಒಂದು ಮಾಲೆಗೆ ಮಾತ್ರ ಅಂಕಿ ಹಾಕದೆ ಕೈಗೆ ಕೊಟ್ಟುಬಿಟ್ಟಿದ್ದರು.

ಮುಂದಿನ ಭಾನುವಾರವೇ ಹೋಗಿ ಹೇಳಬೇಕೆಂದುಕೊಂಡರು. ಆದರೆ ಮೂವತ್ತೆರಡು ವರ್ಷ ಹೋಗದ ಮನೆಗೆ ಒಂದೇ ವಾರದಲ್ಲಿ ಎರಡು ಸಲ ಹೋದರೆ ಏನೆಂದುಕೊಂಡಾರು ಎಂಬ ಅಳುಕು. ಹೀಗೆ ಐದು ಭಾನುವಾರಗಳು ಜಾರಿದವು. ಆರನೆಯದರಂದು ಹೋದಾಗ ಸಿದ್ದರಾಜು ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿದ್ದರು. “ಯಾರು?” ಎಂದರು.

ಚೌಡೇಶರು ಪಕ್ಕದಲ್ಲಿ ಕೂತು, ಬಟಾಣಿಯೋ ಅವರೆಯೋ ಬಿಡಿಸುತ್ತಿದ್ದ ದಿವ್ಯಳಿಗೆ ಕೇಳದಂತೆ ತುಟಿಯಾಡಿಸಿದರು. ಅರ್ಧ ವಾಕ್ಯವಾದ ಮೇಲೆ, ಇದನ್ನು ಓದಬೇಕಾದ ಕಣ್ಣುಗಳು ಇಲ್ಲವೆಂಬುದು ನೆನಪಾಯಿತು. ಇನ್ನುಳಿದದ್ದು ಗಟ್ಟಿಯಾಗಿ ಹೇಳುವ ದಾರಿಯೊಂದೇ. “ಅವತ್ತಿನ ಕಥೆ ನೀನು ಉಲ್ಟಾ ನೋಡ್ಬಿಟ್ಟೆ ಕಣೋ,” ಎಂದು ಶುರುಮಾಡಿದರು. ನಿಲ್ದಾಣ, ಬೆಂಚು, ಬೇಕರಿ, ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಹೇಳಿದರು. ದಿವ್ಯ ಕೈ ನಿಲ್ಲಿಸಿ ಕೇಳತೊಡಗಿದಳು. ಸಂಗೀತದ ಮೇಷ್ಟ್ರ ಸರದಿ ಬಂದಾಗ ಚೌಡೇಶರ ನಾಲಿಗೆ ತಾನಾಗಿಯೇ ಹೊರಳಿತು: “ಆ ಹುಡುಗಿ ಸಂಗೀತ ಹೇಳ್ಕೊಡ್ತಿದ್ಲು.” ಅಲ್ಲಿಂದ ಮುಂದೆ ಕೊನೆಯ ಪುಟದವರೆಗೂ ಅವಳು ಹುಡುಗಿಯಾಗಿಯೇ ಉಳಿದಳು.

“ಎಷ್ಟ್ ಚೆನ್ನಾಗಿದೆ ಅಂಕಲ್, ಯಾವ ಸಿನಿಮಾ?” ಎಂದಳು ದಿವ್ಯ.

ಸಿದ್ದರಾಜು ಮುಖವನ್ನು ಧ್ವನಿ ಬಂದ ಕಡೆಗೆ ತಿರುಗಿಸಿದರು. ತುಟಿ ಮಾತ್ರ ಅಲುಗಿತು: “ಅವತ್ತು ನಾನು ನೋಡ್ದಾಗ ಇಬ್ರೂ ಹುಡುಗ್ರೇ ಅಲ್ವೇನೋ.”

ಚೌಡೇಶರು ಅದನ್ನು ಓದಿದರು. ಅದೇ ಹಾದಿಯಲ್ಲಿ ಉತ್ತರ ಕಳಿಸುವಂತಿರಲಿಲ್ಲ. ಕೈಹಿಡಿಯಲು ದಿವ್ಯಳ ಕಣ್ಣೆದುರು ಧೈರ್ಯ ಬರಲಿಲ್ಲ. ಇದ್ದಬದ್ದ ಧ್ವನಿಯನ್ನೆಲ್ಲ ಒಟ್ಟುಗೂಡಿಸಿ, “ಹ್ಞೂಂ ಕಣೋ,” ಎಂದರು.

“ಏನ್ ಹ್ಞೂಂ ಅಂಕಲ್? ಮಾವ ಏನೂ ಕೇಳ್ಲೇ ಇಲ್ವಲ್ಲ!” ಎಂದು ದಿವ್ಯ ನಕ್ಕಳು.

“ವಯಸ್ಸಾಯ್ತು ಅವನಿಗೆ,” ಎಂದರು ಸಿದ್ದರಾಜು, ಗಟ್ಟಿಯಾಗಿ. ಆಮೇಲೆ, “ಬಸ್ ಹೊತ್ತಾಯ್ತು, ಹೋಗು. ಒಳಬದೀಲಿ ನಡಿ, ಲಾರಿ ಜಾಸ್ತಿ,” ಎಂದರು.

ಆಷಾಢದಲ್ಲಿ ಸಿದ್ದರಾಜು ತೀರಿಕೊಂಡರು. ಚೌಡೇಶರಿಗೆ ತಿಳಿದದ್ದು ಹನ್ನೊಂದನೆಯ ದಿನದ ಕಾರ್ಡು ಬಂದಾಗ. ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ರಟ್ಟು ತೆಳುವೆಂದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಅದಾದ ಮೇಲೆ, ಯಂತ್ರವನ್ನು ಆರಿಸಲು ಹೇಳಿ. ಬರೆಯಬಹುದೇ ಎಂದಾಗ, ದಿವ್ಯಳಿಗೆ ಗುರುತು ಸಿಗದಂತೆ ಬರೆಯಿರಿ ಎಂದರು. ಹಾಗಾಗಿ ಇಲ್ಲಿನ ಹೆಸರುಗಳು ಯಾವುವೂ ಅವರವಲ್ಲ.

ಸಿದ್ದರಾಜುವಿನ ಮಾತನ್ನು ಅವರು ಪಾಲಿಸಿಲ್ಲ. ಈಗಲೂ ಹೊರಬದಿಗೇ ನಡೆಯುತ್ತಾರೆ. ಇಂಥವರು ನಮ್ಮ ಬೀದಿಗಳಲ್ಲಿ ಅಪರೂಪವೇನಲ್ಲವೆಂದು ಈಚೆಗೆ ನನಗೆ ಅನಿಸುತ್ತದೆ: ಸಭ್ಯರು, ಸಂಕೋಚದವರು, ಯಾರ ದಾರಿಗೂ ಅಡ್ಡ ಬಾರದವರೆಂದು ಹೆಸರು ಪಡೆದು, ಬಾಳಿನುದ್ದಕ್ಕೂ ಪಕ್ಕದಲ್ಲಿ ಒಬ್ಬರ ಜಾಗವನ್ನು ಕಾಯ್ದುಕೊಂಡು ಸಾಗುವವರು. ಎದುರಿನಿಂದ ಬರುವ ನಾವು ಆ ಜಾಗವನ್ನು ನಮಗಾಗಿಯೇ ಬಿಟ್ಟದ್ದೆಂದುಕೊಂಡು, ಒಂದು ಕೃತಜ್ಞತೆಯ ನಗೆ ಬೀರಿ, ಅದರೊಳಗಿಂದಲೇ ದಾಟಿಹೋಗುತ್ತೇವೆ.