ಬಾಣಲೆಯಿಂದ ಗರಗಸಕ್ಕೆ

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಚಿಪ್ಸ್ ಕರಿದು ಮಾರುವ ಅಕ್ಕ ಹೌಹಾರಿದಳು. ಮೋರಿ ಕಟ್ಟಿಕೊಂಡು ಕೊಳೆನೀರು ಅಡುಗೆಕೋಣೆಗೇ ನುಗ್ಗಿತ್ತು. ಕೂಗು ಕೇಳಿ ಓಡಿಬಂದ ಅತ್ತೆ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು.

ಆಸ್ಪತ್ರೆಯಿಂದ ಬಂದಮೇಲೆ ಅಕ್ಕನ ಗಂಡ ಮೋರಿಗೆ ಕೋಲು ಹಾಕಿ ತಿವಿದ. ಮೇಣದಂಥ ಬಿಳಿ ಗಡ್ಡೆಗಳು ಹೊರಬಂದವು. ಅಕ್ಕ ದಿನಾ ಸುರಿಯುತ್ತಿದ್ದ ಕರಿದ ಎಣ್ಣೆಯೇ ಅದು!

"ನನ್ನಿಂದಾನೇ ಅತ್ತೆಗೆ ಹೀಗಾಯ್ತಲ್ಲಾ," ಎಂದು ಅಕ್ಕ ಕಣ್ಣೊರೆಸಿಕೊಂಡಳು.

ಅತ್ತೆಯನ್ನು ನೋಡಲು ಬಂದಿದ್ದ ಅವಳ ತಂಗಿ ಸಮಾಧಾನ ಮಾಡಿದಳು. "ಆಗಿದ್ದಾಯ್ತು ಬಿಡಕ್ಕಾ. ಇನ್ಮೇಲೆ ಆ ಎಣ್ಣೆನ ನಾನು ಕೆಲಸ ಮಾಡೋ ಘಟಕಕ್ಕೆ ಕೊಡು. ಅಲ್ಲಿ ಅದರಿಂದ್ಲೇ ಕೀಲೆಣ್ಣೆ ಮಾಡ್ತೀವಿ. ಭಾವನ ಗರಗಸಕ್ಕೂ ಆಗುತ್ತೆ."

ಅಂಗಡಿಯ ಹಿಂದೆಯೇ ಮೋಟಾರಿನ ಸರಪಳಿ ಗರಗಸದಲ್ಲಿ ಮರ ಕೊಯ್ಯುವ ಭಾವ ಕೈಮುಗಿದ. "ಬೇಡಮ್ಮಾ ತಾಯಿ! ಕರಿದ ಎಣ್ಣೆನ ಒಂದ್ಸಲ ಗರಗಸದ ಸರಪಳಿಗೆ ಹಾಕಿ ಪಾಡು ಪಟ್ಟಿದೀನಿ. ಅಂಟು ಹಿಡಿದು ಅಲ್ಲಾಡ್ಲೇ ಇಲ್ಲ. ಮೇಲಿಂದ ಇರುವೆ ಮೆರವಣಿಗೆ ಬೇರೆ!"

"ಹಂಗೇ ಸುರಿದ್ರೆ ಅಂಟದೇ ಇರುತ್ತಾ ಭಾವ? ನಾವು ಸೋಸಿ, ಶುದ್ಧ ಮಾಡಿ, ಆಮೇಲೆ ಕಿಣ್ವ ಹಾಕ್ತೀವಿ."

"ಕಿಣ್ವನಾ? ಅದೇನು ಹುಳಾನಾ?"

ತಂಗಿ ನಕ್ಕಳು. "ಅದಕ್ಕೆ ಜೀವಾನೇ ಇಲ್ಲ. ತಿಂದ ಜಿಡ್ಡನ್ನ ಹೊಟ್ಟೇಲಿ ಒಡೆಯುತ್ತಲ್ಲ, ಅಂಥದ್ದು. ಇಲ್ಲಿ ಎಣ್ಣೆನ ಒಡೆದು, ನಾವು ಸೇರಿಸೋ ಇನ್ನೊಂದು ವಸ್ತು ಜೊತೆ ಹೊಸದಾಗಿ ಹೆಣೆಯುತ್ತೆ. ಕುದಿಸೋದೂ ಬೇಡ, ಕಟು ಆಸಿಡ್ಡೂ ಬೇಡ. ಆಮೇಲೆ ಅಂಟು ಕಟ್ಟೋದು ಕಮ್ಮಿ. ಸಿಡಿದು ಮಣ್ಣಿಗೆ ಬಿದ್ರೂ ಬರ್ತಾ ಬರ್ತಾ ಅಲ್ಲೇ ಕೊಳೆತು ಹೋಗುತ್ತೆ. ಆದ್ರೆ ಗಾಡಿ ಎಂಜಿನ್‌ಗೆ ಹಾಕ್ಬೇಡಿ ಮತ್ತೆ, ಇದು ಸರಪಳಿಗೆ ಅಂತಾನೇ ಮಾಡಿದ್ದು."

"ಗರಗಸ ಕೆಟ್ಟುಹೋದ್ರೆ?"

ಮಂಚದ ಮೇಲಿಂದ ಅತ್ತೆ ಗದರಿದರು. "ನನ್ ಕೈಯೇ ಮುರೀತು, ನಿನ್ ಹಳೇ ಗರಗಸದ್ದೇನೋ ದೊಡ್ಡದು? ಹಾಕಿ ನೋಡೋ!"

ತಂಗಿ ತಂದುಕೊಟ್ಟ ಕೀಲೆಣ್ಣೆಯನ್ನು ಅವನು ಅಳುಕುತ್ತಲೇ ಹಳೆಯ ಗರಗಸಕ್ಕೆ ಹಾಕಿದ. ಸರಪಳಿ ಸರಾಗವಾಗಿ ತಿರುಗಿತು. ಹೊಗೆ ಏಳಲಿಲ್ಲ, ಅಂಟೂ ಹಿಡಿಯಲಿಲ್ಲ. ಕೆಲವು ವಾರಗಳಲ್ಲಿ ತನ್ನ ಇನ್ನೊಂದು, ಹೊಸ ಗರಗಸಕ್ಕೂ ಅದನ್ನೇ ಹಾಕತೊಡಗಿದ.

ಒಂದು ದಿನ ತರಕಾರಿ ಬೆಳೆಯುವ ಪಕ್ಕದ ಮನೆಯಾಕೆ ಬಂದು ಗರಗಸದಡಿ ಬಿದ್ದ ಮರದ ಪುಡಿಯನ್ನು ಮೂಸಿ ನೋಡಿದಳು. "ಎಂಜಿನ್ ಆಯಿಲ್ ವಾಸ್ನೆ ಅಂತ ಇಷ್ಟು ದಿನ ಮುಟ್ಟಿರ್ಲಿಲ್ಲ ಅಣ್ಣಾ. ಈಗ ಚೆನ್ನಾಗಿದೆ. ಗೊಬ್ಬರದ ಗುಂಡಿಗೆ ಒಂದು ಚೀಲ ಕೊಡ್ತೀರಾ?"

ಅವನ ಮುಖ ಅರಳಿತು. ಸಂಜೆ ತಾನೇ ಬಾಣಲೆಯ ಮುಂದೆ ಕುಳಿತು, ಆರಿದ ಎಣ್ಣೆಯನ್ನು ಕ್ಯಾನಿಗೆ ಸೋಸಿದ. "ನಾಳೆ ನಾನೇ ಘಟಕಕ್ಕೆ ಕೊಟ್ಟು ಬರ್ತೀನಿ ಕಣೇ," ಎಂದು ಹೆಂಡತಿಗೆ ಹೇಳಿದ.

ನಿಮ್ಮ ಮನೆಯಲ್ಲೂ ಬಾಣಲೆ ಇದೆಯಲ್ಲವೇ? ಕರಿದ ಎಣ್ಣೆ ಆರಲಿ. ನೀರು ಬೆರೆಯದಂತೆ ಸೋಸಿ ತುಂಬಿಡಿ, ಸಂಗ್ರಹಿಸುವವರಿಗೆ ಕೊಡಿ. ಅಂಥವರು ನಿಮ್ಮ ಕಡೆ ಇಲ್ಲವೇ? ನಾಲ್ಕು ಮನೆಯವರು ಸೇರಿ ಕೇಳಿ. ಕೇಳಿದರೆ ತಾನೇ ವ್ಯವಸ್ಥೆ ಆಗುವುದು? ಇವತ್ತೇ ಒಂದು ಖಾಲಿ ಡಬ್ಬಿ ಹುಡುಕಿ, ಒಲೆಯ ಪಕ್ಕದಲ್ಲಿಡಿ.